ಕನ್ನಡ ಸಾಹಿತ್ಯದಲ್ಲಿ ಬುದ್ಧನ ಗೃಹತ್ಯಾಗ : ಒಂದು ವಿಮರ್ಶೆ

ಬುದ್ಧನು ಯಾರೆಂದು ಕನ್ನಡ ಬಲ್ಲ ಯಾರನ್ನು ಕೇಳಿದರೂ ಬರುವ ಉತ್ತರವು ಹೆಚ್ಚುಕಡಿಮೆ ಒಂದೇ. ಆತನೊಬ್ಬ ರಾಜಪುತ್ರ; ದುಃಖದ ನೆರಳು ಸೋಕದಂತೆ ತಂದೆಯು ಅವನನ್ನು ಅರಮನೆಯಲ್ಲಿ ಬೆಳೆಸಿದನು; ಒಮ್ಮೆ ರಥವೇರಿ ಹೊರಟಾಗ ಮುದುಕನನ್ನೂ ರೋಗಿಯನ್ನೂ ಶವವನ್ನೂ ಸನ್ಯಾಸಿಯನ್ನೂ ಕಂಡನು; ನಡುರಾತ್ರಿಯಲ್ಲಿ, ನಿದ್ರಿಸುತ್ತಿದ್ದ ಮಡದಿಯನ್ನೂ ಹಸುಗೂಸನ್ನೂ ತೊರೆದು ಕುದುರೆಯೇರಿ ಹೊರಟುಹೋದನು. ಉತ್ತರವು ಇಲ್ಲಿಗೇ ಮುಗಿಯುತ್ತದೆ. ಬಹಳವಾದರೆ ಬೋಧಿವೃಕ್ಷದ ಕೆಳಗೆ ಜ್ಞಾನೋದಯವಾಯಿತೆಂಬ ಒಂದು ವಾಕ್ಯ, ಅಹಿಂಸೆಯನ್ನು ಬೋಧಿಸಿದನೆಂಬ ಇನ್ನೊಂದು ವಾಕ್ಯ. ಇಪ್ಪತ್ತೊಂಬತ್ತನೆಯ ವಯಸ್ಸಿನ ಒಂದು ರಾತ್ರಿಗೆ ದೊರೆತ ಸ್ಥಳವು ಜ್ಞಾನೋದಯದ ಮೇಲಣ ನಲವತ್ತೈದು ವರ್ಷಗಳ ಬೋಧನೆಗೆ ದೊರೆಯದೆ ಹೋದುದು ಹೇಗೆ? ಈ ಪ್ರಶ್ನೆಯನ್ನು ನಾವಿಲ್ಲಿ ಎತ್ತಿಕೊಂಡಿದ್ದೇವೆ. ಇದು ಕೇವಲ ಇತಿಹಾಸದ ಪ್ರಶ್ನೆಯಲ್ಲ. ಧರ್ಮವೊಂದು ಹುಟ್ಟಿದ ಕಾರಣವನ್ನು ಹೇಗೆ ಹೇಳುತ್ತೇವೆಯೋ ಆ ಧರ್ಮದ ತಿರುಳನ್ನೂ ಹಾಗೆಯೇ ತಿಳಿಯುತ್ತೇವೆ.

ಸೊಲ್ಲಾಪುರ, ಅಕ್ಕಲಕೋಟೆಗಳ ಶಿಕ್ಷಕರಿಗೆ ಈ ಪ್ರಶ್ನೆಯು ಉಳಿದವರಿಗಿಂತ ಹತ್ತಿರದ್ದು. ನಮ್ಮ ಭಾಗದಲ್ಲಿ ಬುದ್ಧನು ಎರಡು ಭಾಷೆಗಳಲ್ಲಿ ಇದ್ದಾನೆ. ಕನ್ನಡದಲ್ಲಿ ಆತನು ಮುಖ್ಯವಾಗಿ ಕಾವ್ಯನಾಟಕಗಳ ನಾಯಕ. ಮರಾಠಿಯಲ್ಲಿ ಧರ್ಮಾನಂದ ಕೋಸಂಬಿಯವರ ಸಂಶೋಧನೆಯ ಮೂಲಕವೂ, 1956ರ ಅಕ್ಟೋಬರ 14ರಂದು ನಾಗಪುರದಲ್ಲಿ ಡಾ. ಬಾಬಾಸಾಹೇಬ ಅಂಬೇಡಕರರು ಸ್ವೀಕರಿಸಿ ಲಕ್ಷಾಂತರ ಜನರಿಗೆ ಕೊಟ್ಟ ದೀಕ್ಷೆಯ ಮೂಲಕವೂ ಆತನು ಜೀವಂತ ಧರ್ಮದ ಗುರು. 2011ರ ಜನಗಣತಿಯ ಪ್ರಕಾರ ಭಾರತದ ಸುಮಾರು 84 ಲಕ್ಷ ಬೌದ್ಧರಲ್ಲಿ 65 ಲಕ್ಷದಷ್ಟು ಜನ ಮಹಾರಾಷ್ಟ್ರದಲ್ಲಿಯೇ ಇದ್ದರು. ಕರ್ನಾಟಕದಲ್ಲಿ ಒಂದು ಲಕ್ಷಕ್ಕಿಂತಲೂ ಕಡಿಮೆ. ಕನ್ನಡ ಮಾಧ್ಯಮದ ನಮ್ಮ ಸಾಲೆಯೊಂದರಲ್ಲಿ ಮಾಸ್ತರರು ಬುದ್ಧನ ಪಾಠವನ್ನು ಹೇಳುವಾಗ, ಮನೆಯಲ್ಲಿ ದಿನಾಲು ತ್ರಿಶರಣವನ್ನು ಹೇಳುವ ಹುಡುಗನೊಬ್ಬನು ಎದುರಿನ ಸಾಲಿನಲ್ಲಿಯೇ ಕುಳಿತಿರಬಹುದು. ಅವನ ಮನೆಯ ಬುದ್ಧನಿಗೂ ನಮ್ಮ ಪಾಠದ ಬುದ್ಧನಿಗೂ ಹೊಂದಿಕೆಯಾಗದಿದ್ದರೆ ಅವನು ಯಾರನ್ನು ನಂಬಬೇಕು?

ಮೊದಲು ಮೂಲವನ್ನು ನೋಡೋಣ. ಬುದ್ಧನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಕ್ರಿ.ಪೂ. 563ರಿಂದ 483 ಎಂಬ ಲೆಕ್ಕ ಬಹುಕಾಲದಿಂದ ರೂಢಿಯಲ್ಲಿದೆ. ಈಚಿನ ಅನೇಕರು ಆತನ ನಿರ್ವಾಣವನ್ನು ಕ್ರಿ.ಪೂ. 400ರ ಆಸುಪಾಸಿಗೆ ತರುತ್ತಾರೆ. ಹುಟ್ಟಿದ ಸ್ಥಳದ ಬಗ್ಗೆ ಮಾತ್ರ ಸಂದೇಹಕ್ಕೆ ಎಡೆ ಕಡಿಮೆ. ಲುಂಬಿನಿಯಲ್ಲಿ 1896ರಲ್ಲಿ ಬೆಳಕಿಗೆ ಬಂದ ಅಶೋಕಸ್ತಂಭವು ಶಾಕ್ಯಮುನಿಯು ಹುಟ್ಟಿದ್ದು ಅಲ್ಲಿಯೇ ಎಂದು ಸ್ಪಷ್ಟವಾಗಿ ಸಾರುತ್ತದೆ.

ಗೃಹತ್ಯಾಗದ ಬಗ್ಗೆ ಬುದ್ಧನೇ ಹೇಳಿದನೆಂದು ಪಾಲಿ ಗ್ರಂಥಗಳು ಇಟ್ಟುಕೊಂಡು ಬಂದ ಮಾತುಗಳಲ್ಲಿ ಮುಖ್ಯವಾದದ್ದು ಮಜ್ಝಿಮನಿಕಾಯದ ಅರಿಯಪರಿಯೇಸನ ಸುತ್ತದಲ್ಲಿದೆ. ಅಲ್ಲಿ ರಥವಿಲ್ಲ, ಸಾರಥಿಯಿಲ್ಲ, ಕುದುರೆಯಿಲ್ಲ, ರಾತ್ರಿಯೂ ಇಲ್ಲ. ತಾನು ತುಂಬು ಯೌವನದಲ್ಲಿ, ಕಪ್ಪು ಕೂದಲಿನವನಾಗಿರುವಾಗಲೇ, ತಾಯಿತಂದೆಗಳಿಗೆ ಮನಸ್ಸಿಲ್ಲದೆ ಅವರು ಕಣ್ಣೀರು ಸುರಿಸುತ್ತಿರಲು, ತಲೆಗಡ್ಡಗಳನ್ನು ಬೋಳಿಸಿಕೊಂಡು ಕಾಷಾಯವನ್ನುಟ್ಟು ಮನೆಯಿಂದ ಹೊರಟೆನೆಂದು ಆತನು ಹೇಳುತ್ತಾನೆ. ಅವರು ಎದುರಿಗೆ ನಿಂತು ಅಳುತ್ತಿದ್ದರೆಂದ ಮೇಲೆ ಮಲಗಿದವರನ್ನು ಬಿಟ್ಟು ಕದ್ದು ಹೋದನೆಂಬ ಮಾತಿಗೆ ಎಡೆ ಎಲ್ಲಿ? ಕೋಸಂಬಿಯವರು ‘ಭಗವಾನ್ ಬುದ್ಧ’ದಲ್ಲಿ ಈ ಸುತ್ತವನ್ನೇ ಮುಂದಿಟ್ಟು ರಾತ್ರಿಯ ಪಲಾಯನದ ಕಥೆಯನ್ನು ಅಲ್ಲಗಳೆದಿದ್ದಾರೆ. ಅವರ ಈ ವಾದಕ್ಕೆ ಸಮರ್ಪಕವಾದ ಉತ್ತರವನ್ನು ನಾವು ಕಂಡಿಲ್ಲ.

ನಾಲ್ಕು ದರ್ಶನಗಳ ಸಂಗತಿಯೂ ಹೀಗೆಯೇ. ದೀಘನಿಕಾಯದ ಮಹಾಪದಾನ ಸುತ್ತದಲ್ಲಿ ಈ ಕಥೆಯಿದೆ, ನಿಜ. ಆದರೆ ಅಲ್ಲಿ ಅದು ಗೌತಮನದಲ್ಲ, ಕಲ್ಪಾಂತರಗಳ ಹಿಂದಿನ ವಿಪಸ್ಸಿ ಎಂಬ ಬುದ್ಧನದು. ಗೌತಮನು ತನ್ನ ಬಗ್ಗೆ ಹೇಳಿಕೊಂಡದ್ದು ಅಂಗುತ್ತರನಿಕಾಯದ ಸುಖುಮಾಲ ಸುತ್ತದಲ್ಲಿದೆ. ತನಗೆ ಮೂರು ಋತುಗಳಿಗೆ ಮೂರು ಮನೆಗಳಿದ್ದವು, ತಾವರೆಯ ಕೊಳಗಳಿದ್ದವು, ತಾನು ಸುಖದಲ್ಲಿ ಬೆಳೆದವನು ಎಂದು ಹೇಳಿ, ಮುಂದೆ ಆತನು ಕಂಡ ದೃಶ್ಯವನ್ನಲ್ಲ, ಮಾಡಿದ ವಿಚಾರವನ್ನು ಹೇಳುತ್ತಾನೆ. ಮುಪ್ಪಿಗೆ ತಾನೂ ಈಡಾಗುವವನೇ ಆಗಿದ್ದು ಮುದುಕನನ್ನು ಕಂಡು ಹೇಸುವುದು ತನಗೆ ಒಪ್ಪುವುದಿಲ್ಲವೆಂದು ಎನಿಸಲು ಯೌವನದ ಮದವು ಇಳಿಯಿತು; ರೋಗವನ್ನು ಕುರಿತು ಹಾಗೆಯೇ ಎನಿಸಲು ಆರೋಗ್ಯದ ಮದವು ಇಳಿಯಿತು; ಸಾವನ್ನು ಕುರಿತು ಎನಿಸಲು ಬದುಕಿನ ಮದವು ಇಳಿಯಿತು. ಈ ಮೂರು ಮದಗಳ ವಿಚಾರಕ್ಕೆ ಪಾತ್ರವೇಷಗಳನ್ನು ತೊಡಿಸಿ ಬೀದಿಗೆ ತಂದರೆ ಮುದುಕ, ರೋಗಿ, ಶವ ಎಂಬ ಮೂವರು ಬರುತ್ತಾರೆ. ಕಥೆ ಹುಟ್ಟಿದ ಬಗೆ ಇದೇ ಎಂದು ನಮ್ಮ ಊಹೆ. ಹಾಗಲ್ಲವೆಂದರೆ, ಇಪ್ಪತ್ತೊಂಬತ್ತು ವರ್ಷಗಳವರೆಗೆ ಒಬ್ಬ ಮುದುಕನನ್ನೂ ಕಾಣದೆ ಬೆಳೆದವನ ಮನೆಯಲ್ಲಿ ತಂದೆಗೂ ವಯಸ್ಸಾಗಿರಲಿಲ್ಲವೆ? ಹೆತ್ತ ತಾಯಿ ತಾನು ಹುಟ್ಟಿದ ಏಳನೆಯ ದಿನವೇ ತೀರಿಕೊಂಡು, ಚಿಕ್ಕಮ್ಮ ಮಹಾಪ್ರಜಾಪತಿಯ ಕೈಯಲ್ಲಿ ಬೆಳೆದ ಮಗುವಿಗೆ ಸಾವೆಂಬುದೊಂದು ಇದೆಯೆಂದು ಯಾರೂ ಹೇಳಿರಲಿಲ್ಲವೆ?

ಶುದ್ಧೋದನನು ಚಕ್ರವರ್ತಿಯಂತಹ ಅರಸನೆಂಬುದೂ ನಿಲ್ಲುವುದಿಲ್ಲ. ಶಾಕ್ಯರದು ಗಣರಾಜ್ಯ, ಸಂಥಾಗಾರದಲ್ಲಿ ಸೇರಿ ನಿರ್ಣಯ ಮಾಡುವವರು ಅವರು. ಚುಲ್ಲವಗ್ಗದಲ್ಲಿ ಶಾಕ್ಯರ ರಾಜನೆಂದು ಕರೆಸಿಕೊಂಡವನು ಭದ್ದಿಯನೆಂಬ ಬೇರೊಬ್ಬ ತರುಣ. ಹೊಲಗದ್ದೆಗಳಿದ್ದ ದೊಡ್ಡ ಮನೆತನದ ಮುಖಂಡನೆಂದು ಶುದ್ಧೋದನನನ್ನು ತಿಳಿದರೆ ನಮ್ಮ ಭಾಗದ ಓದುಗರಿಗೆ ಚಿತ್ರವು ಹೆಚ್ಚು ಸರಿಯಾಗಿ ಕಂಡೀತು.

ಇನ್ನೊಂದು ಮೂಲವು ಇವೆರಡಕ್ಕಿಂತಲೂ ನಮ್ಮನ್ನು ಹಿಡಿದು ನಿಲ್ಲಿಸುವಂತಹುದು. ಅದು ಸುತ್ತನಿಪಾತದ ಅತ್ತದಂಡ ಸುತ್ತ. ಪದ್ಯರೂಪದ ಈ ಭಾಗವು ಬೌದ್ಧ ವಾಙ್ಮಯದಲ್ಲಿ ಬಹು ಹಳೆಯ ಪದರಕ್ಕೆ ಸೇರಿದುದೆಂದು ಪಂಡಿತರ ಮತ. ತನಗೆ ಸಂವೇಗವು ಹುಟ್ಟಿದ್ದು ಹೇಗೆಂದು ಬುದ್ಧನು ಇಲ್ಲಿ ಹೇಳುತ್ತಾನೆ: ಜನರು ಕೈಯಲ್ಲಿ ದಂಡವನ್ನು ಹಿಡಿದುದರಿಂದಲೇ ಭಯ ಹುಟ್ಟಿತು, ಬತ್ತುತ್ತಿರುವ ನೀರಿನಲ್ಲಿ ಮೀನುಗಳು ಒದ್ದಾಡುವಂತೆ ಜನರು ಒಬ್ಬರಿಗೊಬ್ಬರು ವೈರಿಗಳಾಗಿ ಒದ್ದಾಡುವುದನ್ನು ಕಂಡು ತನಗೆ ಅಂಜಿಕೆಯಾಯಿತು. ಇಲ್ಲಿ ಕಾರಣವು ಮುಪ್ಪೂ ಅಲ್ಲ, ಸಾವೂ ಅಲ್ಲ. ಮನುಷ್ಯರ ಪರಸ್ಪರ ಹಗೆ. ಚೈತ್ರ ವೈಶಾಖಗಳಲ್ಲಿ ಭೀಮೆಯ ಪಾತ್ರದ ಮಡುಗಳು ಇಂಗುವುದನ್ನು ಕಂಡವರಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂದ ಮೇಲೆ ರಾತ್ರಿಯ ಕಥೆ ಸುಳ್ಳೆ? ಅಷ್ಟು ಅವಸರದ ತೀರ್ಪು ಸಲ್ಲದು. ಅದು ಸಾಕಷ್ಟು ಹಳೆಯದೇ. ಸಾಂಚಿಯ ಪೂರ್ವ ತೋರಣದ ಮೇಲೆ ಸವಾರನಿಲ್ಲದ ಕುದುರೆಯೊಂದು ಛತ್ರದ ನೆರಳಿನಲ್ಲಿ ಊರಬಾಗಿಲಿನಿಂದ ಹೊರಡುವ ಶಿಲ್ಪವಿದೆ. ಬುದ್ಧನ ಆಕೃತಿಯನ್ನು ಕೆತ್ತದೆ ಕುರುಹುಗಳಿಂದಲೇ ಆತನನ್ನು ಸೂಚಿಸುತ್ತಿದ್ದ ಕಾಲದ್ದು ಅದು. ಮುಂದೆ ಅಶ್ವಘೋಷನ ಬುದ್ಧಚರಿತ, ಲಲಿತವಿಸ್ತರ, ಪಾಲಿಯ ನಿದಾನಕಥೆ ಇವು ಅದನ್ನು ಬೆಳೆಸಿದವು. ಕಾವ್ಯಕ್ಕೆ ಬೇಕಾದ ಬೆಳಕು ಕತ್ತಲೆಗಳು ಅಲ್ಲಿ ತುಂಬಿವೆ. 1879ರಲ್ಲಿ ಎಡ್ವಿನ್ ಆರ್ನಾಲ್ಡರು ಇಂಗ್ಲಿಷಿನಲ್ಲಿ ‘ಲೈಟ್ ಆಫ್ ಏಶಿಯಾ’ ಎಂಬ ಕಾವ್ಯವನ್ನು ಬರೆದುದೂ ಈ ಪರಂಪರೆಯ ಸಾಮಗ್ರಿಯಿಂದಲೇ. ಇಂಗ್ಲಿಷು ಕಲಿತ ಭಾರತೀಯರ ಒಂದಿಡೀ ತಲೆಮಾರಿಗೆ ಬುದ್ಧನ ಪರಿಚಯವನ್ನು ಮಾಡಿಸಿದ ಪುಸ್ತಕವದು. ಕಥೆ ಹಳೆಯದಾಗಿದ್ದರೂ ನಮ್ಮ ಮನೆಗೆ ಬಂದದ್ದು ಹೊಸ ದಾರಿಯಿಂದ.

ಹಾಗಾದರೆ ಕನ್ನಡದ್ದೇ ಆದ ಹಳೆಯ ದಾರಿ ಇರಲಿಲ್ಲವೆ? ಇತ್ತು, ಕಲ್ಲಿನ ಮೇಲೆ ಇತ್ತು. ಬಳ್ಳಿಗಾವೆಯಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ಅಧಿಕಾರಿಯು ಬೌದ್ಧ ವಿಹಾರವನ್ನು ಕಟ್ಟಿಸಿದುದನ್ನು ಶಾಸನವು ಹೇಳುತ್ತದೆ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1095ರಲ್ಲಿ, ಡಂಬಳದ ಹದಿನಾರು ಮಂದಿ ಸೆಟ್ಟಿಗಳು ಬುದ್ಧನಿಗೆ ವಿಹಾರವನ್ನು ಕಟ್ಟಿಸಿದರು. ಲಕ್ಕುಂಡಿಯ ಸೆಟ್ಟಿಯೊಬ್ಬನು ಆರ್ಯತಾರಾದೇವಿಗೆ ಕಟ್ಟಿಸಿದನು. ಮಂಗಳೂರಿನ ಕದ್ರಿಯಲ್ಲಿ ಆಳುಪರ ಕುಂದವರ್ಮನು 968ರಲ್ಲಿ ಪ್ರತಿಷ್ಠಿಸಿದ ಲೋಕೇಶ್ವರನ ಮೂರ್ತಿ ಇಂದಿಗೂ ಇದೆ. ಹಾಗಿದ್ದೂ ಹಳಗನ್ನಡದ ಬೌದ್ಧ ಕಾವ್ಯವೆಂದು ಕೈಗೆತ್ತಿಕೊಳ್ಳಲು ನಮಗೆ ಒಂದೂ ಉಳಿದಿಲ್ಲ. ಉಳಿದದ್ದು ಪ್ರತಿವಾದಿಗಳ ಮಾತು. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯನ್ನು ತೆಗೆದುಕೊಳ್ಳಿರಿ. ಜೈನಾಚಾರ್ಯ ಅಕಳಂಕನು ಹಿಮಶೀತಳ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದನೆಂದೂ, ಗಡಿಗೆಯಲ್ಲಿ ಅಡಗಿದ್ದ ತಾರಾದೇವಿಯನ್ನು ಸೋಲಿಸಿ ಅದನ್ನು ಕಾಲಿನಿಂದ ಒಡೆದನೆಂದೂ ಅದು ಹೇಳುತ್ತದೆ. ಗೆದ್ದವನ ವಾದದ ಚಾತುರ್ಯವು ಅಲ್ಲಿ ಕೀರ್ತಿತವಾಗಿದೆ. ಸೋತವರ ವಾದವು ಏನಾಗಿತ್ತೆಂಬುದನ್ನು ನಾವು ಆ ಕಲ್ಲಿನಿಂದ ತಿಳಿಯಲಾರೆವು. ಅರ್ಹಂತ, ಶ್ರಮಣ, ನಿರ್ವಾಣ ಈ ಮಾತುಗಳು ಜೈನ ಬೌದ್ಧರಿಬ್ಬರಿಗೂ ಸಾಮಾನ್ಯ. ಕನ್ನಡದ ಕಿವಿಗೆ ಅವು ಜೈನ ಅರ್ಥದಲ್ಲಿಯೇ ಒಗ್ಗಿದವು. ಹೀಗಾಗಿ ಇಪ್ಪತ್ತನೆಯ ಶತಮಾನದ ಕವಿಗಳು ಬುದ್ಧನನ್ನು ಕುರಿತು ಬರೆಯಲು ಕುಳಿತಾಗ ಅವರ ಬೆನ್ನ ಹಿಂದೆ ಕನ್ನಡದ ಬೌದ್ಧ ಪರಂಪರೆಯೊಂದು ನಿಂತಿರಲಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರ ಕೃತಿಗಳನ್ನು ತೂಗಬೇಕು.

ಕುವೆಂಪು ಅವರ ‘ಮಹಾರಾತ್ರಿ’ ನಾಟಕವು ಹೆಸರಿನಿಂದಲೇ ತನ್ನ ಆಯ್ಕೆಯನ್ನು ಸಾರುತ್ತದೆ. ಸಿದ್ಧಾರ್ಥನು ಹೊರಡುವ ರಾತ್ರಿಯೇ ಅದರ ವಸ್ತು. ಬಿಡುವವನ ಹೃದಯದಲ್ಲಿ ನಡೆಯುವ ಹೋರಾಟವನ್ನು ರಂಗಕ್ಕೆ ತರುವುದು ಕವಿಯ ಉದ್ದೇಶ, ಅದು ಸಾಧಿಸಿದೆ. ಆದರೆ ಅಂತಹ ಕೃತಿಯಲ್ಲಿ ತ್ಯಾಗವೇ ಸಿದ್ಧಿಯಂತೆ ಕಾಣುವುದು ಅನಿವಾರ್ಯ. ಬುದ್ಧನ ಲೆಕ್ಕದಲ್ಲಿ ಮನೆ ಬಿಟ್ಟದ್ದು ಸಿದ್ಧಿಯಲ್ಲ, ಹುಡುಕಾಟದ ಮೊದಲು. ಆ ಮೇಲೆ ಆಳಾರ ಕಾಲಾಮ, ಉದ್ದಕ ರಾಮಪುತ್ತರೆಂಬ ಇಬ್ಬರು ಗುರುಗಳಲ್ಲಿ ಕಲಿತು ಸಾಲದೆಂದು ಬಿಟ್ಟನು. ಆರು ವರ್ಷ ದೇಹವನ್ನು ದಂಡಿಸಿ ಅದೂ ದಾರಿಯಲ್ಲವೆಂದು ಬಿಟ್ಟನು. ಸುಖದ ಅತಿರೇಕ, ದಂಡನೆಯ ಅತಿರೇಕ ಎರಡನ್ನೂ ಬಿಟ್ಟ ಮಧ್ಯಮ ಮಾರ್ಗವೇ ಆತನ ಮೊದಲ ಉಪದೇಶದ ಮೊದಲ ಮಾತು. ತ್ಯಾಗದ ರಾತ್ರಿಯಲ್ಲಿಯೇ ತೆರೆ ಬೀಳಿಸಿದರೆ, ತ್ಯಾಗವೊಂದೇ ಸಾಲದೆಂಬ ಆತನ ಅನುಭವವು ಪ್ರೇಕ್ಷಕನಿಗೆ ದೊರೆಯುವುದಿಲ್ಲ.

ಮಾಸ್ತಿಯವರು ತಮ್ಮ ‘ಯಶೋಧರಾ’ ನಾಟಕದಲ್ಲಿ ಜಾಣ್ಮೆಯಿಂದ ಬೇರೆ ಗಳಿಗೆಯನ್ನು ಆರಿಸಿಕೊಂಡರು. ಹೋದವನು ಬುದ್ಧನಾಗಿ ಕಪಿಲವಸ್ತುವಿಗೆ ಮರಳುವ ಹೊತ್ತು ಅದು. ಹಿಂದೆ ಉಳಿದವಳ ಗತಿಯೇನೆಂಬ ಪ್ರಶ್ನೆಯನ್ನು ಕನ್ನಡದಲ್ಲಿ ಇಷ್ಟು ಸಮಾಧಾನದಿಂದ ಕೇಳಿದ ಕೃತಿ ಇನ್ನೊಂದಿಲ್ಲ. ಬೌದ್ಧ ಮೂಲವೂ ಈ ಪ್ರಶ್ನೆಯನ್ನು ಮರೆತಿಲ್ಲ ಎಂಬುದನ್ನು ನಮ್ಮ ವಿಮರ್ಶಕರು ಅಷ್ಟಾಗಿ ಗಮನಿಸಿದಂತಿಲ್ಲ. ವಿನಯಪಿಟಕದ ಮಹಾವಗ್ಗದಲ್ಲಿ ಅವಳಿಗೆ ಯಶೋಧರೆಯೆಂಬ ಹೆಸರೂ ಇಲ್ಲ, ರಾಹುಲಮಾತೆಯೆಂದಷ್ಟೇ ಕರೆದಿದೆ. ಅವಳು ಮಗನನ್ನು ತಂದೆಯ ಬಳಿಗೆ ಕಳಿಸಿ ದಾಯಭಾಗವನ್ನು ಕೇಳಿಸುತ್ತಾಳೆ. ಹುಡುಗನು ಬೆನ್ನು ಹತ್ತಿ ಕೇಳುತ್ತ ನಡೆಯುತ್ತಾನೆ. ಬುದ್ಧನು ಸಾರಿಪುತ್ರನಿಗೆ ಹೇಳಿ ಅವನಿಗೆ ದೀಕ್ಷೆ ಕೊಡಿಸುತ್ತಾನೆ. ಆಗ ಮುದುಕ ಶುದ್ಧೋದನನು ಬಂದು, ಮಗನು ಹೋದಾಗ ಆದ ನೋವು ಸಣ್ಣದಲ್ಲ, ಮೊಮ್ಮಗನು ಹೋದಾಗ ಆದದ್ದು ಅದಕ್ಕೂ ಹೆಚ್ಚು, ಮುಂದೆ ತಾಯಿತಂದೆಗಳ ಒಪ್ಪಿಗೆಯಿಲ್ಲದೆ ಯಾವ ಮಗುವಿಗೂ ದೀಕ್ಷೆ ಕೊಡಬಾರದೆಂದು ಬೇಡಿಕೊಳ್ಳುತ್ತಾನೆ. ಬುದ್ಧನು ಒಪ್ಪಿ ಅದನ್ನು ಸಂಘದ ನಿಯಮವನ್ನಾಗಿ ಮಾಡುತ್ತಾನೆ. ಒಪ್ಪದ ತಾಯಿತಂದೆಗಳನ್ನು ಬಿಟ್ಟು ಬಂದವನೇ, ಅವರು ಒಪ್ಪದೆ ಯಾರೂ ಬರಬಾರದೆಂದು ಕಟ್ಟುಮಾಡಿದನು! ಮನೆಯವರ ಕಣ್ಣೀರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ಯಾವ ಕವಿಯೂ ಕೊಡಲಾರನು. ಮಾಸ್ತಿಯವರ ನಾಟಕವನ್ನು ಪಾಠ ಹೇಳುವವರು ಈ ನಿಯಮವನ್ನು ಜೊತೆಗೆ ಹೇಳಿದರೆ ನಾಟಕಕ್ಕೂ ನ್ಯಾಯ, ಧರ್ಮಕ್ಕೂ ನ್ಯಾಯ.

ಇನ್ನೊಬ್ಬ ಗಡಿನಾಡಿನ ಕವಿ, ಮಂಜೇಶ್ವರದ ಗೋವಿಂದ ಪೈಗಳು, ‘ವೈಶಾಖಿ’ಯಲ್ಲಿ ಆದಿಯನ್ನು ಬಿಟ್ಟು ಅಂತ್ಯಕ್ಕೆ ಹೋದರು. ಬುದ್ಧನ ಪರಿನಿರ್ವಾಣವು ಅದರ ವಸ್ತು. ಎಂಬತ್ತು ವರ್ಷದ ಗುರುವು ಶಿಷ್ಯರ ನಡುವೆ ಮಲಗಿರುವಾಗ ಆತನು ಏನನ್ನು ಕಲಿಸಿದನೆಂಬುದು ಬಂದೇ ಬರಬೇಕು. ಭಾಷೆಯು ಸಾಮಾನ್ಯ ಓದುಗನಿಗೆ ಬಹಳ ಬಿಗಿ. ನಮ್ಮ ವಿದ್ಯಾರ್ಥಿಗಳಿಗೆ ನಿಘಂಟಿಲ್ಲದೆ ದಕ್ಕುವುದು ಕಷ್ಟ. ಆದರೂ ವಸ್ತುವಿನ ಆಯ್ಕೆಯಲ್ಲಿ ಪೈಗಳು ಉಳಿದಿಬ್ಬರಿಗಿಂತ ಬುದ್ಧನಿಗೆ ಹತ್ತಿರವಾದರೆಂದು ನಾವು ತಿಳಿಯುತ್ತೇವೆ. ಜಿ. ಪಿ. ರಾಜರತ್ನಂ ಅವರದು ಬೇರೆ ಬಗೆಯ ಉಪಕಾರ. ಪಾಲಿಯನ್ನು ಕಲಿತು, ಶಾಕ್ಯ ಸಾಹಿತ್ಯ ಮಂಟಪವೆಂಬ ಪ್ರಕಾಶನವನ್ನು ಕಟ್ಟಿ, ಅವರು ಬೌದ್ಧ ಗ್ರಂಥಗಳ ಮಾತನ್ನು ಹಗುರಾದ ಕನ್ನಡದಲ್ಲಿ ತಂದರು. ರತ್ನನ ಪದಗಳ ಕವಿಯೆಂದು ಅವರನ್ನು ಬಲ್ಲವರು ನೂರು ಜನರಿದ್ದರೆ ಈ ಕೆಲಸವನ್ನು ಬಲ್ಲವರು ಹತ್ತು ಜನರಿಲ್ಲ.

ಈಗ ಮರಾಠಿಯ ಕಡೆಗೆ ತಿರುಗಬೇಕು. ಕೋಸಂಬಿಯವರು ಅತ್ತದಂಡ ಸುತ್ತವನ್ನು ಆಧಾರವಾಗಿ ಹಿಡಿದು, ಶಾಕ್ಯ ಕೋಲಿಯರ ಕಲಹಗಳಿಂದ ಬೇಸತ್ತು ಗೌತಮನು ಹೊರಟನೆಂದು ವಾದಿಸಿದರು. 1957ರಲ್ಲಿ, ಅಂಬೇಡಕರರು ತೀರಿಕೊಂಡ ಮೇಲೆ ಪ್ರಕಟವಾದ ಅವರ ‘ಬುದ್ಧ ಮತ್ತು ಆತನ ಧಮ್ಮ’ ಎಂಬ ಗ್ರಂಥವು ಇನ್ನೂ ಮುಂದೆ ಹೋಗುತ್ತದೆ. ರೋಹಿಣೀ ನದಿಯ ನೀರಿಗಾಗಿ ಶಾಕ್ಯಸಂಘವು ಯುದ್ಧವನ್ನು ನಿಶ್ಚಯಿಸುತ್ತದೆ. ಸಿದ್ಧಾರ್ಥನು ಸಭೆಯಲ್ಲಿ ವಿರೋಧಿಸುತ್ತಾನೆ. ಬಹುಮತಕ್ಕೆ ಸೋತು, ತನ್ನ ಮನೆತನಕ್ಕೆ ದಂಡನೆ ಬರಬಾರದೆಂದು ತಾನಾಗಿ ಪರಿವ್ರಾಜಕನಾಗಿ ದೇಶ ಬಿಡುತ್ತಾನೆ. ಯಶೋಧರೆಯೂ ಒಪ್ಪಿ ಕಳಿಸುತ್ತಾಳೆ. ಉಜನಿಯ ನೀರಿನ ಪಾಳಿಗಾಗಿ ಮೇಲಿನ ಊರಿಗೂ ಕೆಳಗಿನ ಊರಿಗೂ ಮಾತು ಬೆಳೆಯುವುದನ್ನು ಕಂಡ ಸೊಲ್ಲಾಪುರದ ರೈತನಿಗೆ ಈ ಕಥೆಯು ರಥದ ಕಥೆಗಿಂತ ಬೇಗ ಮನಸ್ಸಿಗೆ ಹಿಡಿಯುತ್ತದೆ.

ಆದರೆ ವಿಮರ್ಶೆಯ ತಕ್ಕಡಿ ಎರಡೂ ಕಡೆಗೆ ಒಂದೇ ಆಗಿರಬೇಕು. ರೋಹಿಣಿಯ ಜಗಳವು ಪಾಲಿಯ ಅಟ್ಠಕಥೆಗಳಲ್ಲಿ ಬರುವುದು ಬುದ್ಧನಾದ ಮೇಲಣ ಪ್ರಸಂಗವಾಗಿ: ಆತನು ಎರಡು ಪಡೆಗಳ ನಡುವೆ ಬಂದು, ನೀರಿನ ಬೆಲೆ ಹೆಚ್ಚೊ ಮನುಷ್ಯರ ರಕ್ತದ ಬೆಲೆ ಹೆಚ್ಚೊ ಎಂಬ ಅರ್ಥದಲ್ಲಿ ಕೇಳಿ ಸಮಾಧಾನ ಮಾಡುತ್ತಾನೆ. ಅದನ್ನು ಗೃಹತ್ಯಾಗದ ಕಾರಣವನ್ನಾಗಿ ಹಿಂದಕ್ಕೆ ತಂದದ್ದು ಅನುಮಾನ ಪ್ರಮಾಣದಿಂದ. ಮೂಲದ ನೇರ ಆಧಾರದಿಂದಲ್ಲ. ದಂಡದ ಭಯದ ಮಾತಿಗೆ ಆಧಾರವಿದೆ, ನದಿಯ ಹೆಸರಿಗಿಲ್ಲ. ಹಾಗೆಯೇ ನಾಲ್ಕು ಆರ್ಯಸತ್ಯಗಳು ಬುದ್ಧನ ಮೂಲ ಬೋಧನೆಯೊ ಅಥವಾ ಭಿಕ್ಷುಗಳು ಮುಂದೆ ಸೇರಿಸಿದ್ದೊ ಎಂದು ಅಂಬೇಡಕರರು ಪೀಠಿಕೆಯಲ್ಲಿ ಎತ್ತಿದ ಸಂಶಯವನ್ನು ನಾವು ಗೌರವದಿಂದಲೇ ಒಪ್ಪದಿರುತ್ತೇವೆ. ಬೇರೆ ಬೇರೆ ಬೌದ್ಧ ಪಂಥಗಳು ತಮ್ಮೊಳಗೆ ಎಷ್ಟೇ ಭಿನ್ನವಾಗಿದ್ದರೂ ಆ ನಾಲ್ಕನ್ನು ಎಲ್ಲರೂ ಉಳಿಸಿಕೊಂಡಿದ್ದಾರೆ. ಆದರೆ ಅವರ ಸಂಶಯದ ಹಿಂದಿನ ನೋವು ನಿಜವಾದದ್ದು. ಬದುಕೆಲ್ಲ ದುಃಖ, ಹುಟ್ಟಿದ್ದೇ ದುಃಖ ಎಂದು ಹೇಳಿ ಕೈಕಟ್ಟಿ ಕೂರಿಸುವ ಧರ್ಮದಿಂದ ತುಳಿತಕ್ಕೊಳಗಾದವನಿಗೆ ಏನು ಪ್ರಯೋಜನ ಎಂದು ಅವರು ಕೇಳಿದರು. ಈ ಪ್ರಶ್ನೆಯನ್ನು ನಮ್ಮ ಪಾಠಕ್ಕೂ ಹಾಕಿಕೊಳ್ಳಬೇಕಾಗಿದೆ.

ಏಕೆಂದರೆ ರಾತ್ರಿಯ ಕಥೆಯಿಂದ ಹುಟ್ಟುವ ತಪ್ಪು ತಿಳುವಳಿಕೆ ಇದೇ. ಶವವನ್ನು ಕಂಡು ಮನೆ ಬಿಟ್ಟವನ ಧರ್ಮವೆಂದರೆ ಸಂಸಾರವು ಹೇಯ, ಎಲ್ಲವೂ ಶೂನ್ಯ ಎಂದು ಹುಡುಗರು ತಿಳಿಯುತ್ತಾರೆ. ಆರ್ಯಸತ್ಯಗಳ ರಚನೆಯನ್ನು ನೋಡಿದರೆ ಅದು ವೈದ್ಯನ ಕ್ರಮ. ರೋಗವಿದೆ, ರೋಗಕ್ಕೆ ಕಾರಣವಿದೆ, ಗುಣವಾಗುವುದುಂಟು, ಗುಣವಾಗಲು ಪಥ್ಯವಿದೆ. ಮೊದಲನೆಯದನ್ನಷ್ಟೇ ಹೇಳಿ ನಿಲ್ಲಿಸಿದರೆ ರೋಗಿಗೆ ರೋಗದ ಹೆಸರನ್ನು ಹೇಳಿ ಮನೆಗೆ ಕಳಿಸಿದಂತೆ. ಕಾರಣವು ದೈವವಲ್ಲ, ವಿಧಿಯಲ್ಲ. ತಣ್ಹಾ, ಅಂದರೆ ತೀರದ ಬಾಯಾರಿಕೆ. ಇದಿದ್ದರೆ ಅದು ಇರುತ್ತದೆ, ಇದು ಅಡಗಿದರೆ ಅದು ಅಡಗುತ್ತದೆ ಎಂಬ ಪ್ರತೀತ್ಯಸಮುತ್ಪಾದವು ಈ ವಿಚಾರದ ಬೆನ್ನೆಲುಬು. ಆತ್ಮವೆಂಬ ನಿತ್ಯವಸ್ತುವೊಂದಿಲ್ಲ, ರೂಪ ವೇದನೆ ಸಂಜ್ಞೆ ಸಂಸ್ಕಾರ ವಿಜ್ಞಾನಗಳೆಂಬ ಐದರ ಕೂಟವನ್ನೇ ನಾನೆನ್ನುತ್ತೇವೆ ಎಂಬ ಅನಾತ್ಮವಾದವು ನಮ್ಮ ಉಳಿದ ದರ್ಶನಗಳಿಗೂ ಇದಕ್ಕೂ ಇರುವ ದೊಡ್ಡ ಅಂತರ. ಆತ್ಮವಿಲ್ಲದೆ ಕರ್ಮಫಲವು ಯಾರಿಗೆ ಎಂದು ನಮ್ಮ ಆಸ್ತಿಕ ಪಂಡಿತರು ಕೇಳುತ್ತ ಬಂದಿದ್ದಾರೆ, ಪ್ರಶ್ನೆಯು ಹಗುರಾದುದಲ್ಲ. ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಾಗ ದಾಟಿಹೋದ ವಸ್ತು ಯಾವುದು ಎಂದು ಮಿಲಿಂದಪ್ರಶ್ನದಲ್ಲಿ ನಾಗಸೇನನು ತಿರುಗಿ ಕೇಳಿದ್ದಾನೆ. ಈ ಚರ್ಚೆಯು ಇನ್ನೂ ತೀರಿಲ್ಲ. ಇರಲಿ.

ಎಂಟು ಅಂಗಗಳ ಮಾರ್ಗದಲ್ಲಿ ಸಮ್ಯಗಾಜೀವವೆಂದೊಂದಿದೆ. ಆಯುಧ, ಪ್ರಾಣಿ, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರವನ್ನು ಉಪಾಸಕನು ಮಾಡಬಾರದೆಂಬ ವಿಧಿ ಅಂಗುತ್ತರನಿಕಾಯದಲ್ಲಿದೆ. ಸಂಸಾರವು ಹೇಯವೆಂದು ಬಿಟ್ಟವನಿಗೆ ವ್ಯಾಪಾರದ ಚಿಂತೆ ಏಕೆ? ಜಾತಿಯ ವಿಷಯದಲ್ಲಂತೂ ಉಪದೇಶಕ್ಕಿಂತ ಆಚರಣೆಯೇ ಮಾತಾಡುತ್ತದೆ. ಭದ್ದಿಯ ಅನುರುದ್ಧ ಮೊದಲಾದ ಶಾಕ್ಯ ತರುಣರು ತಮ್ಮ ಕ್ಷೌರಿಕ ಉಪಾಲಿಯೊಡನೆ ದೀಕ್ಷೆಗೆ ಬಂದಾಗ, ತಮ್ಮ ಕುಲದ ಸೊಕ್ಕು ಮುರಿಯಲೆಂದು ಉಪಾಲಿಗೇ ಮೊದಲು ದೀಕ್ಷೆ ಕೊಡಿರೆಂದು ಬೇಡಿಕೊಂಡರು. ಹಾಗೆಯೇ ಆಯಿತು, ಅರಸುಮಕ್ಕಳು ಅವನಿಗೆ ಹಿರಿಯನೆಂದು ಕೈಮುಗಿಯಬೇಕಾಯಿತು. ಬುದ್ಧನ ನಿರ್ವಾಣದ ಅನಂತರ ರಾಜಗೃಹದಲ್ಲಿ ಸೇರಿದ ಸಂಗೀತಿಯಲ್ಲಿ ಸಂಘದ ಇಡೀ ಕಟ್ಟಳೆಯನ್ನು ಹೇಳಿಕೊಟ್ಟವನು ಆ ಉಪಾಲಿಯೇ. ಈ ಪ್ರಸಂಗವು ನಮ್ಮ ಯಾವ ನಾಟಕದ ವಸ್ತುವಾಯಿತು?

ಭೀಮೆಯ ದಂಡೆಯ ನಮಗೆ ಇದನ್ನೆಲ್ಲ ದೂರದ ಮಗಧದಿಂದ ತರಿಸಿಕೊಳ್ಳಬೇಕಾಗಿಲ್ಲ. ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕೂಡಲದಲ್ಲಿ ಸೀನೆಯನ್ನು ಕೂಡಿಕೊಂಡು ಕೆಳಗೆ ಹರಿಯುವ ಅದೇ ಭೀಮೆಯು ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗುತ್ತದೆ. 1954ರ ಸುಮಾರಿಗೆ ಕಪಟರಾಳ ಕೃಷ್ಣರಾಯರು ಆ ಊರಿನ ಬೌದ್ಧ ಅವಶೇಷಗಳ ಕಡೆಗೆ ವಿದ್ವಾಂಸರ ಕಣ್ಣು ತಿರುಗಿಸಿದರು. 1980ರ ದಶಕದಲ್ಲಿ ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಡು ಕುಸಿದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿಯನ್ನು ಕೂಡಿಸಲು ನಡುವೆ ಕೊರೆದ ತೂತಿನಿಂದ ಅಕ್ಷರಗಳು ಹೋಗಿದ್ದವು. ಉಳಿದದ್ದರಲ್ಲಿ ಹನ್ನೆರಡನೆಯ, ಹದಿನಾಲ್ಕನೆಯ ಶಾಸನಗಳ ಭಾಗಗಳೂ, ಕಳಿಂಗದ ಧೌಲಿ ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳೂ ಇವೆ. ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದ ಪುರಾತತ್ತ್ವ ಇಲಾಖೆಯು ನಡೆಸಿದ ಉತ್ಖನನದಲ್ಲಿ ಒಂದು ಮಹಾಸ್ತೂಪವೇ ದೊರೆಯಿತು. ಅದರ ಹೆಸರು ಅಧೋಲೋಕ ಮಹಾಚೈತ್ಯವೆಂದು ಅಲ್ಲಿನ ಬರಹಗಳೇ ಹೇಳುತ್ತವೆ. ರಾಣಿ ಪರಿವಾರದೊಡನೆ ನಿಂತ ಅರಸನೊಬ್ಬನ ಶಿಲ್ಪದ ಮೇಲೆ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದಿದೆ.

ಸನ್ನತಿಯ ಹನ್ನೆರಡನೆಯ ಶಾಸನದ ವಿಷಯವು ನಮ್ಮ ಈ ಬರಹಕ್ಕೆ ನೇರವಾಗಿ ಸೇರಿದ್ದು. ಎಲ್ಲ ಪಂಥಗಳ ಸಾರವು ಬೆಳೆಯಬೇಕು, ಅದಕ್ಕೆ ಮೂಲವು ಮಾತಿನ ಸಂಯಮ, ತನ್ನ ಪಂಥದ ಅಭಿಮಾನದಿಂದ ಪರರದನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ಆ ಕಲ್ಲು ಬೇರೊಂದು ದೇವತೆಯ ಪೀಠವಾಗಿ ಶತಮಾನಗಳ ಕಾಲ ಬಾಯಿ ಮುಚ್ಚಿಕೊಂಡು ಇತ್ತು. ಪ್ರತಿವಾದಿಗಳ ಮಾತಿನಿಂದಲೇ ಬೌದ್ಧರನ್ನು ಅರಿತ ಕನ್ನಡ ನಾಡಿನಲ್ಲಿ, ಪ್ರತಿವಾದಿಯ ಮಾತನ್ನೂ ಕೇಳಿರೆನ್ನುವ ಶಾಸನಕ್ಕೆ ಒದಗಿದ ಗತಿ ಇದು.

ಕನ್ನಡದ ಶಿಕ್ಷಕರಾದ ನಮಗೆ ಚುಲ್ಲವಗ್ಗದ ಇನ್ನೊಂದು ನಿಯಮವೂ ತಿಳಿದಿರಬೇಕು. ಮಾತಿನಲ್ಲಿ ಚತುರರಾದ, ಬ್ರಾಹ್ಮಣ ಕುಲದ ಇಬ್ಬರು ಭಿಕ್ಷುಗಳು ಬುದ್ಧನ ಬಳಿಗೆ ಬಂದು, ನಾನಾ ಕುಲ ನಾನಾ ದೇಶಗಳ ಭಿಕ್ಷುಗಳು ತಮ್ಮ ತಮ್ಮ ಮಾತಿನಲ್ಲಿ ಹೇಳಿ ಬುದ್ಧವಚನವನ್ನು ಕೆಡಿಸುತ್ತಿದ್ದಾರೆ, ಅದನ್ನು ಛಂದಸ್ಸಿಗೆ ಏರಿಸುತ್ತೇವೆಂದರು. ಬುದ್ಧನು ಅವರನ್ನು ಗದರಿಸಿ, ಅವರವರು ಸ್ವಂತ ನುಡಿಯಲ್ಲಿಯೇ ಕಲಿಯಬಹುದೆಂದು ಅನುಜ್ಞೆ ಕೊಟ್ಟನು. ಸ್ವಂತ ನುಡಿಯೆಂದರೆ ಬುದ್ಧನ ಸ್ವಂತ ನುಡಿಯಾದ ಮಾಗಧಿ ಎಂದು ಬುದ್ಧಘೋಷನು ವ್ಯಾಖ್ಯಾನ ಮಾಡಿದ್ದಾನೆ. ಸಂದರ್ಭಕ್ಕೆ ಅದು ಹೊಂದುವುದಿಲ್ಲವೆಂದು ಆಧುನಿಕರಲ್ಲಿ ಬಹುಮಂದಿ ಹೇಳುತ್ತಾರೆ, ನಮಗೂ ಹಾಗೆಯೇ ತೋರುತ್ತದೆ. ಬೆಂಗಳೂರಿನ ಮಹಾಬೋಧಿ ಸೊಸೈಟಿಯು ಆಚಾರ್ಯ ಬುದ್ಧರಕ್ಖಿತರ ಕಾಲದಿಂದ ಪಾಲಿ ಗ್ರಂಥಗಳನ್ನು ಕನ್ನಡದಲ್ಲಿ ತರುವ ಕೆಲಸದಲ್ಲಿ ತೊಡಗಿದ್ದು, ಮೂಲವನ್ನು ನೋಡಲು ಈಗ ಯಾವ ಶಿಕ್ಷಕನೂ ಪಾಲಿಯನ್ನೇ ಕಲಿಯಬೇಕೆಂದಿಲ್ಲ.

ಸೊಲ್ಲಾಪುರದ ಸಾಲೆಗಳಲ್ಲಿ ಹೇಳಲು ನಾವು ಒಂದು ಕಥೆಯನ್ನು ಸೂಚಿಸುತ್ತೇವೆ. ಧಮ್ಮಪದದ ಅಟ್ಠಕಥೆಯಲ್ಲಿ ಬರುವ ಇದೂ ತಡವಾದ ಬರಹವೇ ಎಂಬುದನ್ನು, ಮೇಲೆ ಹಿಡಿದ ತಕ್ಕಡಿಗೆ ಅನುಸಾರವಾಗಿ, ಹೇಳಿಬಿಡಬೇಕು. ಆಳವಿಯೆಂಬ ಊರಿನಲ್ಲಿ ನೇಕಾರನೊಬ್ಬನ ಮಗಳು ಹದಿನಾರನೆಯ ವಯಸ್ಸಿನಲ್ಲಿ ಬುದ್ಧನ ಉಪದೇಶವನ್ನು ಕೇಳಿ, ಮೂರು ವರ್ಷ ಅದನ್ನೇ ಚಿಂತಿಸುತ್ತಿದ್ದಳು. ಆತನು ಮತ್ತೆ ಬಂದ ದಿನ ತಂದೆಯು ಅವಳಿಗೆ ಕಂಡಿಕೆ ಸುತ್ತಿ ಬೇಗ ತರಲು ಹೇಳಿ ಮಗ್ಗದ ಮನೆಗೆ ಹೋಗಿದ್ದನು. ಕೆಲಸವನ್ನು ಬಿಟ್ಟರೆ ತಂದೆ ಹೊಡೆದಾನು. ಅವಳು ಕಂಡಿಕೆ ಸುತ್ತಿ ಮುಗಿಸಿ, ಬುಟ್ಟಿಯನ್ನು ಹಿಡಿದು, ಹೋಗುವ ದಾರಿಯಲ್ಲಿ ಸಭೆಯ ಅಂಚಿಗೆ ಬಂದು ನಿಂತಳು. ಊಟ ಮುಗಿದು ಊರೆಲ್ಲ ಕಾದು ಕುಳಿತಿದ್ದರೂ ಬುದ್ಧನು ಅದುವರೆಗೆ ಬಾಯಿ ತೆರೆದಿರಲಿಲ್ಲ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುವೆ, ತಿಳಿಯದೆ, ತಿಳಿಯಿತೆ ಎಂದು ನಾಲ್ಕು ಪ್ರಶ್ನೆಗಳನ್ನು ಅವಳಿಗೆ ಕೇಳಿದನು. ಎಲ್ಲಿಂದ ಬಂದು ಹುಟ್ಟಿದೆನೋ ಅರಿಯೆ, ಸತ್ತು ಎಲ್ಲಿಗೆ ಹೋಗುವೆನೋ ಅರಿಯೆ, ಸಾಯುವುದು ಖಚಿತವೆಂದು ಬಲ್ಲೆ, ಎಂದೆಂಬುದನ್ನು ಅರಿಯೆ ಎಂಬ ಅರ್ಥದಲ್ಲಿ ಅವಳು ಉತ್ತರಿಸಲು, ಜನರು ಇವಳದು ಒಗಟಿನ ಮಾತೆಂದು ಗೊಣಗಿದರು; ಬುದ್ಧನು ಮಾತ್ರ ಮೆಚ್ಚಿದನು. ಆಮೇಲೆ ಅವಳು ಬುಟ್ಟಿಯೊಡನೆ ತಂದೆಯ ಬಳಿಗೆ ನಡೆದಳು. ಕುಳಿತಲ್ಲಿಯೇ ತೂಕಡಿಸುತ್ತಿದ್ದ ಅವನು ಸದ್ದಿಗೆ ಎಚ್ಚತ್ತು ಮಗ್ಗವನ್ನು ಎಳೆದಾಗ ಅದರ ತುದಿಯು ಎದೆಗೆ ಬಡಿದು ಅವಳು ಅಲ್ಲಿಯೇ ಸತ್ತಳು. ಇಡೀ ಸಭೆಯನ್ನು ಕಾಯಿಸಿದ್ದು ಏಕೆಂಬುದು ಊರಿಗೆ ಆಗ ತಿಳಿಯಿತು. ನೇಕಾರನು ಅಳುತ್ತ ಬುದ್ಧನ ಬಳಿಗೆ ಬಂದು ಭಿಕ್ಷುವಾದನು.